ಅದೇ ನಾಲ್ಕು ಟೈರು

"ವಸಂತದಲ್ಲಿ ನೀವು ಯಾವ ನಾಲ್ಕು ಬಿಟ್ಟು ಹೋಗ್ತೀರೋ, ಹಿಮ ಬೀಳೋ ಮೊದಲು ಅದೇ ನಾಲ್ಕನ್ನ ಆಯಾ ಮೂಲೆಗೇ ಕೂರಿಸಿ ಕೊಡ್ತೀನಿ. ನೀವು ಕಾರು ಓಡಿಸೋದು ನಿಲ್ಲಿಸೋವರೆಗೂ."

ಇಪ್ಪತ್ತೊಂದು ವರ್ಷದ ಹಿಂದೆ ಕುರಾಮೊತೊ ಚಿಯೆ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ಹಾಲಿನ ಲಾರಿಯ ಚಾಲಕ ಇನಾಜುಮಿ ತೊಕುಜಿಗೆ ಕೊಟ್ಟ ಮಾತಿದು. ಆಗ ಚಿಯೆ, ಋತು ಮುಗಿದು ಕಾರಿನಿಂದ ಇಳಿದ ಟೈರುಗಳನ್ನು ಮುಂದಿನ ಋತುವಿನವರೆಗೆ ಕಾಯುವ ಕೆಲಸಕ್ಕೆ ಇಳಿದು ಒಂದು ವರ್ಷವೂ ಆಗಿರಲಿಲ್ಲ. ಇನಾಜುಮಿಯವರ ಸ್ವಂತ ಕಾರಿನ ಹಿಮದ ಟೈರುಗಳಲ್ಲಿ ಒಂದು ಇನ್ಯಾರದೋ ಗುಂಪಿಗೆ ಸೇರಿ, ಅವರದೊಂದು ಸವೆದದ್ದು ಇವರ ಕಾರಿಗೆ ಏರಿತ್ತು. ಮೊದಲ ಹಿಮಕ್ಕೇ ಕಾರು ಜಾರಿ ಚರಂಡಿಗೆ ಇಳಿಯಿತು. ಇನಾಜುಮಿ ಕೂಗಾಡಲಿಲ್ಲ. ಆ ಟೈರನ್ನು ಬಿಚ್ಚಿ ತಂದು ಬಾಗಿಲಲ್ಲಿ ಒರಗಿಸಿ, "ಇದು ನಮ್ಮನೇದಲ್ಲ ಕಣಮ್ಮ" ಎಂದರು, ಅಷ್ಟೇ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಈಗ ಅಕ್ಟೋಬರ್ ಹದಿನೆಂಟು, ಬೆಳಗಿನ ಐದೂವರೆ. ಹೊಕ್ಕೈಡೊದ ನಯೊರೊ ಊರಿನ ಅಂಚಿನಲ್ಲಿ ಅರವತ್ತಮೂರರ ಚಿಯೆ ಉಗ್ರಾಣದ ಬಾಗಿಲು ಸರಿಸುತ್ತಾರೆ. ತೋಳಿನ ಮೇಲೆ ಹತ್ತಿಯ ಎಳೆಯಂಥ ಬಿಳಿ ಹುಳುವೊಂದು ಕೂತಿದೆ. ಹಿಮಹುಳು. ಇದು ಹಾರಾಡಿದ ಹತ್ತು ಹದಿನೈದು ದಿನಕ್ಕೆ ಹಿಮ ಗ್ಯಾರಂಟಿ ಎಂಬುದು ಇಲ್ಲಿನವರ ನಂಬಿಕೆ. ಚಿಯೆ ಅದನ್ನು ಊದಿ ಕಳಿಸಿ, "ಬಂದ್ಯಾ? ಇನ್ನು ಫೋನು ಸುಮ್ಮನಿರಲ್ಲ" ಎನ್ನುತ್ತಾರೆ.

ಒಳಗೆ ಇನ್ನೂರ ಎಂಬತ್ತಾರು ಕಾರುಗಳ ಟೈರುಗಳಿವೆ. ಕಾರಿಗೆ ನಾಲ್ಕರಂತೆ ಸಾವಿರದ ನೂರ ನಲವತ್ತನಾಲ್ಕು. ಈ ದಿನಗಳಲ್ಲಿ ನಿತ್ಯ ಹದಿನಾಲ್ಕು ಕಾರು ಬರುತ್ತವೆ. ಬೇಸಿಗೆಯ ಟೈರು ಇಳಿಸಬೇಕು, ಹಿಮದ ಟೈರು ಏರಿಸಬೇಕು, ಇಳಿದದ್ದನ್ನು ತೊಳೆಯಬೇಕು. ರಿಮ್ ಸೇರಿ ಒಂದೊಂದೂ ಹದಿನೇಳು ಕಿಲೋ. ಚಿಯೆಯ ಬಲಗೈ ಹೆಬ್ಬೆರಳು ಎಂಟು ವರ್ಷದಿಂದ ಪೂರ್ತಿ ಮಡಚುವುದಿಲ್ಲ.

ಉಗ್ರಾಣ ಅವರ ಅತ್ತೆ ಆಲೂಗಡ್ಡೆ ತುಂಬಿಡುತ್ತಿದ್ದದ್ದು. ಕಿಟಕಿಯಿಲ್ಲ, ತಂಪು, ನೆಲಕ್ಕೆ ಮರದ ಪಟ್ಟಿ. "ಆಲೂಗಡ್ಡೆಗೂ ಟೈರಿಗೂ ಒಂದೇ ಜಾತಕ ಕಣ್ರೀ. ಬೆಳಕು ಬಿತ್ತೋ, ಅದು ಹಸಿರಾಗತ್ತೆ, ಇದು ಬಿರಿಯತ್ತೆ" ಎನ್ನುತ್ತಾರೆ ಚಿಯೆ. ಮೋಟಾರು ಓಡುವ ಜಾಗದ ಗಾಳಿ ರಬ್ಬರಿಗೆ ಆಗದೆಂದು ಹಳೆಯ ಫ್ರಿಜ್ಜನ್ನು ಹೊರಗೆ ಹಾಕಿಸಿದ್ದಾರೆ. ಎಣ್ಣೆ ಡಬ್ಬಿಗೆ ಒಳಗೆ ಪ್ರವೇಶವಿಲ್ಲ. ಟೈರಿಗೆ ಹೊಳಪಿನ ಪಾಲಿಶ್ ಬಳಿದು ತಂದವರಿಗೆ ಬೈಗುಳ ಖಚಿತ: "ಮಲಗೋಕೆ ಹೋಗೋವಾಗ ಯಾರಾದ್ರೂ ಪೌಡರ್ ಹಾಕ್ಕೋತಾರಾ?"

ಕೆಲಸ ನೋಡಲು ಸುಲಭ. ಬರಿಯ ನೀರಿನಲ್ಲಿ ತೊಳೆದು, ರಸ್ತೆ ಹಿಡಿಯಲೆಂದು ಕೊರೆದಿರುವ ಗೀರುಗಳಲ್ಲಿ ಸಿಕ್ಕ ಕಲ್ಲನ್ನು ಬಿದಿರಿನ ಕಡ್ಡಿಯಿಂದ ಕೀಳಬೇಕು. ನೆರಳಲ್ಲಿ ಎರಡು ದಿನ ಒಣಗಿಸಬೇಕು. ರಿಮ್ ಇದ್ದರೆ ಗಾಳಿ ಅರ್ಧಕ್ಕೆ ಇಳಿಸಿ ಮಲಗಿಸಿ ನಾಲ್ಕು ಪೇರಿಸಬೇಕು. ರಿಮ್ ಇಲ್ಲದ್ದನ್ನು ನಿಲ್ಲಿಸಿಟ್ಟು, ಒಂದೇ ಕಡೆ ಭಾರ ಬೀಳದಂತೆ ತಿಂಗಳಿಗೊಮ್ಮೆ ಕಾಲು ಸುತ್ತು ತಿರುಗಿಸಬೇಕು. ಇದು ತಿಳಿಯದೆ ಮೊದಲ ವರ್ಷ ರಿಮ್ ಇಲ್ಲದವನ್ನು ಎಂಟೆಂಟು ಪೇರಿಸಿ, ತಳದವೆಲ್ಲ ಹಪ್ಪಳವಾಗಿದ್ದವು. ಆಮೇಲೆ ಸೀಮೆಸುಣ್ಣ. ಪ್ರತಿ ಟೈರಿನ ಮೇಲೂ ಹಳದಿ ಅಕ್ಷರದಲ್ಲಿ ಮಾಲೀಕರ ಹೆಸರು, ಅದು ಇದ್ದ ಮೂಲೆ: ಬಲ ಮುಂದೆ, ಎಡ ಹಿಂದೆ. ಚರಂಡಿಗೆ ಇಳಿದ ಆ ಕಾರು ಕಲಿಸಿದ ಪಾಠವಿದು.

ಅಂದಿನಿಂದ ಇನಾಜುಮಿ ಮೂರು ಸಲ ನಾಲ್ಕೂ ಟೈರು ಬದಲಿಸಿದ್ದಾರೆ, ಆದರೆ ಬಿಟ್ಟ ನಾಲ್ಕು ಅದೇ ನಾಲ್ಕಾಗಿ ವಾಪಸು ಬರುವುದು ಒಂದು ಸಲವೂ ತಪ್ಪಿಲ್ಲ. ಅವರಿಗೀಗ ಎಪ್ಪತ್ತೆಂಟು. ಎಂಬತ್ತಕ್ಕೆ ಲೈಸೆನ್ಸ್ ಹಿಂದಿರುಗಿಸುತ್ತೇನೆಂದು ಹೇಳಿಟ್ಟಿದ್ದಾರೆ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಹೆಂಡತಿ ಫುಮಿಯನ್ನು ಬೆಟ್ಟದ ತಿರುವು ದಾಟಿಸಿ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಹಿಮವಿರಲಿ, ಗಾಳಿಯಿರಲಿ, ತಪ್ಪಿಸುವಂತಿಲ್ಲ.

ಎಂಟೂವರೆಗೆ ಅವರ ಬಿಳಿ ಕಾರು ಬಂದು ನಿಲ್ಲುತ್ತದೆ. ಫುಮಿ ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕಿತ್ತಳೆ ಹಣ್ಣಿನ ಚೀಲ ಇಟ್ಟುಕೊಂಡಿದ್ದಾರೆ. ಚಿಯೆ ಆಗಲೇ ಎರಡು ಟೈರುಗಳನ್ನು ಅಂಗಳಕ್ಕೆ ತಂದಿದ್ದಾರೆ. ಒಂದು ಇನಾಜುಮಿಯವರದು, ಇನ್ನೊಂದು ಹೊಸದು.

"ಏನಿದು ಚಿಯೆ-ಸಾನ್, ನಮ್ಮನೇದಲ್ಲದ್ದು ಮತ್ತೆ ಬಂತಾ?"

"ಹೊಸದು ಹಾಕಿಸಿ ಅಂತ ವಸಂತದಲ್ಲೇ ಹೇಳಿದ್ದೆ ಇನಾಜುಮಿ-ಸಾನ್. ನೀವು ನಕ್ಕು ಹೋದ್ರಿ. ನಿಮ್ಮ ಟೈರಿಗೆ ಎಂಟು ವರ್ಷ ಆಯ್ತು." ಚಿಯೆ ರಬ್ಬರಿನ ಗಟ್ಟಿತನ ಅಳೆಯುವ ಪುಟ್ಟ ಮೀಟರನ್ನು ಹಳೆಯದರ ಮೇಲೆ ಒತ್ತಿ ತೋರಿಸುತ್ತಾರೆ. ಅರವತ್ತಾರು. ಹೊಸದರಲ್ಲಿ ಮುಳ್ಳು ನಲವತ್ತೆಂಟಕ್ಕೇ ನಿಲ್ಲುತ್ತದೆ. "ಅರವತ್ತು ದಾಟಿದ್ರೆ ಮಂಜುಗಡ್ಡೆ ಮೇಲೆ ಹಿಡಿಯಲ್ಲ."

"ಗೀರು ನೋಡಿ, ಇನ್ನೂ ಎಷ್ಟು ಆಳ ಇದೆ. ಒಂದು ಬಿರುಕಿಲ್ಲ. ಮದುವಣಗಿತ್ತಿ ಹಾಗೆ ಇಟ್ಟಿದ್ದೀರಿ."

ಚಿಯೆಯ ಕಸುಬು ಕೈಕೊಡುವುದು ಇಲ್ಲೇ. ಚೆನ್ನಾಗಿ ಕಾಪಾಡಿದ ಟೈರು ಚೆಂದ ಕಾಣುತ್ತದೆ. ಚೆಂದ ಕಂಡದ್ದಕ್ಕೆ ವಯಸ್ಸಾಗಿಲ್ಲವೆಂದು ಜನ ಮೋಸ ಹೋಗುತ್ತಾರೆ. ಕತ್ತಲೆ, ತಂಪು, ಬಟ್ಟೆಯ ಮುಸುಕು ಎಲ್ಲ ಸೇರಿ ಮುಪ್ಪನ್ನು ನಿಧಾನ ಮಾಡುತ್ತವೆ, ತಡೆಯುವುದಿಲ್ಲ.

"ಇನ್ನೆರಡು ಚಳಿಗಾಲ ತಾನೆ. ನೀವು ಮಾತು ಕೊಟ್ಟಿದ್ದೀರಿ. ಅದೇ ನಾಲ್ಕು ಹಾಕಿ."

"ಮಾತು ಕೊಟ್ಟಿದ್ದು ನಿಜ" ಎನ್ನುತ್ತಾರೆ ಚಿಯೆ. "ಆದ್ರೆ ಇದನ್ನ ನನ್ನ ಕೈಯಾರೆ ಹಾಕಲ್ಲ. ಬೇಕಾದ್ರೆ ಬೈದುಬಿಡಿ. ಆವತ್ತಿನ ಬೈಗುಳವೂ ಬಾಕಿ ಇದೆ."

ಕಾರಿನ ಕಿಟಕಿ ಇಳಿಯುತ್ತದೆ. "ಏನ್ರೀ," ಫುಮಿಯ ದನಿ, "ಎರಡರ ಮೇಲೂ ಹೆಬ್ಬೆಟ್ಟು ಒತ್ತಿ ನೋಡಿ."

ಇನಾಜುಮಿ ಒತ್ತುತ್ತಾರೆ. ಹೊಸದು ಬೆರಳಿಗೆ ಬಗ್ಗುತ್ತದೆ. ಹಳೆಯದು ಬಗ್ಗುವುದಿಲ್ಲ. ಮತ್ತೊಮ್ಮೆ ಒತ್ತುತ್ತಾರೆ.

"ನಿಮ್ಮ ಮಂಡಿಯನ್ನೂ ನಾನು ಐವತ್ತು ವರ್ಷದಿಂದ ಬೆಚ್ಚಗೆ ಕಾಪಾಡ್ಕೊಂಡು ಬಂದಿದ್ದೀನಿ" ಎನ್ನುತ್ತಾರೆ ಫುಮಿ. "ನೋಡೋಕೆ ಚೆನ್ನಾಗೇ ಇದೆ. ಮಡಚತ್ತಾ? ತಿರುವಿನಲ್ಲಿ ಪಕ್ಕದಲ್ಲಿ ಕೂತಿರೋಳು ನಾನು. ಹೊಸದು ಹಾಕಿಸಿ."

ಇನಾಜುಮಿ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. "ಇಬ್ಬರು ಹೆಂಗಸರು ಒಂದು ಕಡೆ ಆದ್ರೆ ನಾನೇನು ಮಾಡಲಿ."

ಒಪ್ಪಿದರೆ ಇರಲಿ ಎಂದು ಚಿಯೆ ಅದೇ ಅಳತೆಯ ನಾಲ್ಕನ್ನು ಸೆಪ್ಟೆಂಬರಿನಲ್ಲೇ ತರಿಸಿ, ಬಟ್ಟೆ ಮುಚ್ಚಿ ಇಟ್ಟಿದ್ದರು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಹೊರಡುವಾಗ ಫುಮಿ ಕಿಟಕಿಯಿಂದ ನಾಲ್ಕು ಕಿತ್ತಳೆ ಕೊಡುತ್ತಾರೆ. ಒಂದನ್ನು ಅಲ್ಲೇ ಸುಲಿದು ಬಾಯಿಗೆ ಹಾಕಿಕೊಂಡು ಚಿಯೆ ಮುಂದಿನ ಕಾರಿನ ಕಡೆ ತಿರುಗುತ್ತಾರೆ.

ಇಷ್ಟೆಲ್ಲ ಮಾಡಿದರೂ ಚಳಿಗಾಲವಿಡೀ ಯಾರೂ ನೆನೆಸಿಕೊಳ್ಳುವುದಿಲ್ಲವೆಂಬ ಬೇಸರ ಅವರಿಗಿಲ್ಲ. "ನೆನೆಸ್ಕೊಳ್ಳಲೇಬಾರದು. ಹಿಮದ ದಾರೀಲಿ ಟೈರು ಕಾಯೋಳ ನೆನಪಾಯ್ತು ಅಂದ್ರೆ, ಎಲ್ಲೋ ಜಾರಿದ್ದಾರೆ ಅಂತಲೇ ಅರ್ಥ. ಮಾರ್ಚ್‌ವರೆಗೂ ಎಲ್ಲರೂ ನನ್ನ ಮರೆತಿರಲಿ. ಅಷ್ಟಾದ್ರೆ ಸಾಕು."

ಇಪ್ಪತ್ತೊಂದು ವರ್ಷ ಉಳಿಸಿಕೊಂಡು ಬಂದಿದ್ದ ಮಾತನ್ನು ಚಿಯೆ ಈ ಅಕ್ಟೋಬರ್ ಹದಿನೆಂಟರಂದು ಮುರಿದರು.