ನಗುವಿನ ನಾಲ್ಕನೇ ಮಾತು

ಎಲ್ಸ್‌ಪೆಟ್‌ಗೆ ನಗುವವರನ್ನು ಕಂಡರೆ ಭಯ. ನಮ್ಮ ಮೀನುಗಾರರ ಊರು ಸ್ಕಾರ್‌ಹೇವನ್ನಿನಲ್ಲಿ ಮೂವತ್ತು ವರ್ಷ ಅವಳ ಪಕ್ಕ ಕೂತು ಗಾಳಕ್ಕೆ ಚಿಪ್ಪಿನ ಮಾಂಸ ಸಿಕ್ಕಿಸಿದವಳು ನಾನು. ಅವಳನ್ನು ಸಿಡುಕಿ ಎಂದವರ ಬಾಯಿಗೆ ಉಪ್ಪು ಹಾಕಬೇಕು.

ಆ ಚಳಿಗಾಲ ಶಾಲೆಯ ಮೇಷ್ಟ್ರು ನಿಘಂಟಿಗೆಂದು ಹಳೆಯ ಮಾತು ಹೆಕ್ಕುತ್ತಾ ಅವಳ ಮನೆಗೆ ಬಂದರು. ಸಂತೋಷಕ್ಕೆ ನಿಮ್ಮಲ್ಲಿ ಏನೇನು ಹೆಸರು ಎಂದು ಕೇಳಿದರು.

"ಹೊಟ್ಟೆ ತುಂಬಿ ಒಲೆ ಮುಂದೆ ಕೂತೋನು ಕ್ಯಾಂಟಿ," ಎಂದಳು ಕೈ ನಿಲ್ಲಿಸದೆ. "ಹುಂಜದ ಥರ ಎದೆ ಉಬ್ಬಿಸ್ಕೊಂಡು ತಿರುಗೋನು ಕ್ರೂಸ್. ಹೊಸ ಶಾಲು ಹೊದ್ದು ಮೆರೆಯೋಳು ವೋಗಿ. ಇಗೋ, ಪಕ್ಕದಲ್ಲೇ ಕೂತವ್ಳೆ ನೋಡಿ."

ಮೇಷ್ಟ್ರು ಹಿಗ್ಗಿದರು. "ಕವಿಗಳು ಈ ಮಾತುಗಳನ್ನ ಎಷ್ಟು ಚೆನ್ನಾಗಿ ಪದ್ಯಕ್ಕೆ ತಂದಿದಾರೆ ಗೊತ್ತೇನಮ್ಮ? ನಾಲ್ಕನೇದೊಂದು ಇದೆಯಂತಲ್ಲ, ಫೇ ಅಂತ?"

"ಅದನ್ನ ಈ ಮನೇಲಿ ಆಡಬೇಡಿ. ಕವಿಗಳಿಗೇನು, ಅವರು ದೋಣಿ ಹತ್ತಲ್ಲ."

ಹೊರಗೆ ಬಂದ ಮೇಲೆ ನಾನೇ ಮೇಷ್ಟ್ರಿಗೆ ಬಿಡಿಸಿ ಹೇಳಿದೆ. ಆರುವ ದೀಪ ಜೋರಾಗಿ ಉರಿಯುತ್ತದಲ್ಲ, ಹಾಗೆ ಸಾವು ಬಳಿ ಬಂದವನಲ್ಲಿ ಕಾರಣವಿಲ್ಲದೆ ಉಕ್ಕುವ ನಗುವೇ ಫೇ. ಎಲ್ಸ್‌ಪೆಟ್‌ಳ ಅಪ್ಪ ಮುಳುಗುವ ಹಿಂದಿನ ಸಂಜೆಯೆಲ್ಲ ಕುಣಿದಿದ್ದ. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಮಾರ್ಚಿ ತಿಂಗಳ ಒಂದು ಬೆಳಗ್ಗೆ ಅವಳ ಗಂಡ ಗಿಬ್ ಗಂಜಿಯ ಮುಂದೆ ಕೂತು ಹಾಡತೊಡಗಿದ. ಹತ್ತು ಮಾತಿಗೆ ಒಂದು ಹೂಂ ಅನ್ನುವ ಆಸಾಮಿ. ಎಲ್ಸ್‌ಪೆಟ್ ಬಿಳಿಚಿಕೊಂಡಳು.

ಗಂಡಸರ ಬೂಟು ನೆನೆಯಬಾರದೆಂದು ಅವರನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಮುಟ್ಟಿಸುವುದು ನಮ್ಮ ಹೆಂಗಸರ ಕೆಲಸ. ಸೊಂಟದುದ್ದ ನೀರಿನಲ್ಲಿ ಅವಳು ಗಿಬ್‌ನನ್ನು ಕೊಡವಿ ಬೀಳಿಸಿದಳು. ಅವನು ಮುಳುಗೆದ್ದು ಆಗಲೂ ನಗುತ್ತಿದ್ದ.

"ನನ್ನ ಕುದುರೆಗೆ ವಯಸ್ಸಾಯ್ತು ಕಣ್ರೋ," ಎಂದ.

"ಒದ್ದೆ ಮೈಯಲ್ಲಿ ಹೋದ್ರೆ ಸೆಟೆದು ಸಾಯ್ತೀಯ. ಮನೆಗೆ ನಡಿ."

ದೋಣಿಗೆ ಆರು ಜನ ಬೇಕೇ ಬೇಕು. ದಡದಲ್ಲಿ ಅವಳ ತಮ್ಮ ಆಂಡ್ರಾ ನಿಂತಿದ್ದ. ಮದುವೆಯಾಗದವನು, ಹೊರಲು ಹೆಂಡತಿಯಿಲ್ಲ, ಅಂದು ಹಲ್ಲುನೋವು ಬೇರೆ.

"ನಿನ್ನ ಗಂಡ ಸ್ನಾನ ಮಾಡಿದ್ರೆ ನಾನ್ಯಾಕೆ ಹೋಗ್ಬೇಕಕ್ಕಾ?" ಎಂದು ಗೊಣಗಿದ.

ಎಲ್ಸ್‌ಪೆಟ್ ಅವನ ಗಂಟುಮುಖವನ್ನೇ ನೋಡಿದಳು. ನಗುವಿನ ಸುಳಿವಿಲ್ಲ. "ಹತ್ತೋ," ಎಂದು ನಿರಾಳವಾಗಿ ಬೆನ್ನು ಬಗ್ಗಿಸಿದಳು.

ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಆ ಆರು ಜನರಲ್ಲಿ ಒಬ್ಬನೂ ಮರಳಲಿಲ್ಲ.

ಮೂರು ವಾರ ಕಳೆಯಿತು. ನಾನು ರೊಟ್ಟಿ ಕೊಡಲು ಹೋದ ದಿನ ಗಿಬ್ ಅವಳನ್ನು ಕೇಳಿದ. "ಅವತ್ತು ಯಾಕೆ ಬೀಳಿಸ್ದೆ?"

"ನೀನು ಹಾಡ್ತಿದ್ದೆ."

"ಹಿಂದಿನ ಸಂಜೆ ಮೇಷ್ಟ್ರು ಸಿಕ್ಕಿದ್ರು. ನಿನ್ನ ಮಾತೆಲ್ಲ ಪುಸ್ತಕದಲ್ಲಿ ಅಚ್ಚಾಗುತ್ತೆ ಅಂದ್ರು. ನನ್ನ ಹೆಂಡ್ತಿ ಅಂತ ಹೆಮ್ಮೆ ಆಗಿತ್ತು ಕಣೇ, ಅಷ್ಟೇ."

ಅವಳು ನನ್ನ ಕಡೆ ತಿರುಗಿದಳು.

"ಆಂಡ್ರಾನ ನಾನೇ ಹೊತ್ಕೊಂಡು ಹೋಗಿ ಕೂರಿಸ್ದೆ," ಎಂದಳು.