ವೇರ್‌ಹೌಸಿನ ಕೆಂಪು ಗೆರೆ

ದೊಡ್ಡ ಕನ್ಸಲ್ಟಿಂಗ್ ಕಂಪನಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಜನ ನಡೆಯುವುದನ್ನು ನೋಡುವುದು. ವಾನ್ ಎಂಬ ಊರಿನ ಒಂದು ವೇರ್‌ಹೌಸಿನಲ್ಲಿ ವಾರವಿಡೀ ನಿಂತು, ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ನಕ್ಷೆಯ ಮೇಲೆ ಗೆರೆ ಎಳೆಯುತ್ತಿದ್ದೆ. ಸುತ್ತುದಾರಿಗೆಲ್ಲ ಕೆಂಪು ಬಣ್ಣ. ಆ ಕೆಂಪನ್ನು ಅಳಿಸುವುದು ಹೇಗೆಂದು ಹೇಳುವುದೇ ನಮ್ಮ ಕಸುಬು.

ಒಬ್ಬ ಹೆಂಗಸು ಮಾತ್ರ ಪೆಟ್ಟಿಗೆಗಳನ್ನು ಇಳಿಸಿದ ಮೇಲೆ ಪ್ರತಿ ಸಲವೂ ಖಾಲಿ ಗಾಡಿ ತಳ್ಳಿಕೊಂಡು ದೂರದ ಮೂಲೆ ಸುತ್ತಿ ಬರುತ್ತಿದ್ದರು. ಆ ಮೂಲೆಯಲ್ಲಿ ಸಾಮಾನೇ ಇರಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡೆ. ಊಟದ ಹೊತ್ತಿಗೆ ಅವರು ಫೋನಿನಲ್ಲಿ ಉಡುಪಿ ಕಡೆಯ ಕನ್ನಡ ಮಾತಾಡುವುದು ಕೇಳಿಸಿದ್ದೇ ತಡ, ಹೋಗಿ ಕೇಳಿಬಿಟ್ಟೆ.

"ಅಕ್ಕಾ, ಆ ಮೂಲೇಲಿ ಏನಿದೆ?"

"ಅಲ್ಲೊಂದು ಕಿಟಕಿ ಉಂಟಲ್ಲ," ಎಂದರು. "ಇಡೀ ಬಿಲ್ಡಿಂಗಲ್ಲಿ ಅದೊಂದೇ. ಬಿಸಿಲು ಉಂಟಾ, ಸ್ನೋ ಬೀಳ್ತಾ ಉಂಟಾ ಅಂತ ನೋಡಿ ಬರುದು. ನಿಮ್ಮ ಆಫೀಸಲ್ಲಿ ಕಿಟಕಿ ಉಂಟಾ?"

ಇದೆ ಎಂದೆ. ಮಿಸಿಸಾಗದ ನಮ್ಮ ಆಫೀಸಿನ ಗೋಡೆಗಳೆಲ್ಲ ಗಾಜಿನವು. ಲ್ಯಾಪ್‌ಟಾಪಿನ ಮೇಲೆ ಬಿಸಿಲು ಬೀಳುತ್ತದೆಂದು ನಾವು ಬೆಳಗ್ಗೆ ಬಂದ ಕೂಡಲೇ ಪರದೆ ಇಳಿಸಿಬಿಡುತ್ತೇವೆ.