ಬಾಗಿಲ ಮೇಲೆ ಬಂದ ಶಾಂತವ್ವ

ಪಕ್ಕದ ಮನೆಯವರು ಛಾವಣಿಗೆಂದು ಪ್ಲಾಸ್ಟರ್ ಪುಡಿ ಕಲಸುತ್ತಿದ್ದಾರೆ. ಆ ಹಸಿ ವಾಸನೆ ಕಿಟಕಿಯೊಳಗೆ ಬಂದದ್ದೇ ತಡ, ನನ್ನ ಕೈಗಳು ತಾವಾಗಿಯೇ ಬಟ್ಟೆಯ ಸುರುಳಿ ಸುತ್ತುವ ಹಾಗೆ ಆಡತೊಡಗಿದವು. ನಗಬೇಡಿ. ನಿಜಾಮರ ಕಾಲದಲ್ಲಿ, ನಲವತ್ತರ ದಶಕದಲ್ಲಿ, ನಾನು ಗಂಗಾವತಿಯ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಔಷಧದ ಬಾಟಲಿಗೆ ಚೀಟಿ ಅಂಟಿಸುವವನೂ ಅರ್ಧ ಡಾಕ್ಟರೇ ಎಂದು ನಂಬಿದ್ದ ವಯಸ್ಸು.

ಬೆನ್ನು ಮುರಿದುಕೊಂಡು ಬರುವವರು ಹೆಚ್ಚಾಗಿ ಹುಣಸೆ ಮರದಿಂದಲೋ ಬಾವಿಯಲ್ಲೋ ಹುಲ್ಲು ಹೇರಿದ ಬಂಡಿಯಿಂದಲೋ ಬಿದ್ದವರು. ಬಿದ್ದವರನ್ನು ನಾಲ್ಕು ಜನ ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಬಂಡಿಯಲ್ಲಿ ಚೀಲದಂತೆ ಮಡಚಿ ತರುತ್ತಿದ್ದರು. ಎಲ್ಲವೂ ಪ್ರೀತಿಯಿಂದಲೇ. ಆದರೆ ಕಾಲಿನಲ್ಲಿ ಉಳಿದಿದ್ದ ಅಷ್ಟಿಷ್ಟು ಜೀವವೂ ದಾರಿಯಲ್ಲೇ ಹೋಗಿರುತ್ತಿತ್ತು.

ಒಂದು ಮಧ್ಯಾಹ್ನ ಮರಳಿ ಎಂಬ ಹಳ್ಳಿಯಿಂದ ಬಂದ ಬಂಡಿಯಲ್ಲಿ ಮನೆಯ ಬಾಗಿಲೊಂದಿತ್ತು. ಅದರ ಮೇಲೆ ಹಳೆ ಸೀರೆಗಳಿಂದ ಬಿಗಿದು ಕಟ್ಟಿದ ಹೆಣ್ಣುಮಗಳು, ಶಾಂತವ್ವ. ಹುಲ್ಲಿನ ಬಂಡಿಯ ಮೇಲಿಂದ ಬಿದ್ದಿದ್ದಳು. ಬಂಡಿಯ ಪಕ್ಕದಲ್ಲೇ ಅವಳ ಅತ್ತೆ ನೀಲವ್ವ ನಡೆದು ಬಂದಿದ್ದಳು. ಡಾಕ್ಟರ್ ಸಾಹೇಬರು ರೋಗಿಗಿಂತ ಮೊದಲು ಬಾಗಿಲನ್ನೇ ನೋಡಿದರು.

"ಹಿಂಗ ಕಟ್ಟಿ ತರಬೇಕಂತ ನಿಮಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ ಸಾಹೇಬ್ರ. ನನ್ನ ಗಂಡ ಬಾವ್ಯಾಗ ಬಿದ್ದಾಗ ಎಬ್ಬಿಸಿ ಕುಂದ್ರಿಸಿದ್ವಿ. ಅಲ್ಲೀತನ ಆಡತಿದ್ದ ಕಾಲು ಆಮ್ಯಾಲ ಆಡಲೇ ಇಲ್ಲ. ಇಕಿನ್ನ ಕುಂದ್ರಾಕ ಬಿಟ್ಟಿಲ್ರಿ ನಾನು."

ಸಾಹೇಬರು ಪಾದಕ್ಕೆ ಸೂಜಿ ಚುಚ್ಚಿದರು. ಕಾಲು ಅಲುಗಲಿಲ್ಲ, ಆದರೆ ಶಾಂತವ್ವ "ಅಯ್ಯವ್ವಾ!" ಎಂದು ಚೀರಿದಳು. ಸಾಹೇಬರ ಮುಖ ಅರಳಿತು. "ತಿಳೀತೈತಿ! ಇಕಿಗೆ ತಿಳೀತೈತಿ! ಎರಡು ಟೇಬಲ್ ತಗೊಂಬರ್ರಿ!"

ಒಂದು ಎತ್ತರದ ಟೇಬಲ್ಲು, ಒಂದು ಗಿಡ್ಡದ್ದು. ಎತ್ತರದ್ದರ ಮೇಲೆ ತೋಳು, ಗಿಡ್ಡದ್ದರ ಮೇಲೆ ತೊಡೆ, ನಡುವೆ ಬೋರಲಾಗಿ ತೂಗುವ ಮೈ. ಬೆನ್ನು ತನ್ನ ಭಾರಕ್ಕೆ ತಾನೇ ಬಾಗಿ ಮೂಳೆ ನೆಟ್ಟಗಾಗಬೇಕು. ಹಾಗೇ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರಿನ ಅಂಗಿ ತೊಡಿಸಬೇಕು. ಪ್ಲಾಸ್ಟರ್ ಪುಡಿ ತಿಕ್ಕಿದ ಬಟ್ಟೆಯ ಸುರುಳಿಗಳನ್ನು ನೀರಿಗೆ ಅದ್ದಿ ಕೊಡುವುದು ನನ್ನ ಕೆಲಸ. ಗಾಬರಿಯಲ್ಲಿ ಒಂದು ಸುರುಳಿಯನ್ನು ಬಕೆಟ್ಟಿನಲ್ಲೇ ಮರೆತು ಕಲ್ಲು ಮಾಡಿದೆ.

ಮುಂದಿನದು ಕಾಯುವ ಕೆಲಸ. ಮೈ ಹುಣ್ಣಾಗದಂತೆ ನೀಲವ್ವ ತಾಸೆರಡು ತಾಸಿಗೊಮ್ಮೆ ಸೊಸೆಯ ಮಗ್ಗಲು ಬದಲಿಸುತ್ತಿದ್ದಳು. ಮೂರನೆಯ ವಾರ ಶಾಂತವ್ವನ ಗಂಡ ಸೋತುಹೋದ. "ಅವ್ವಾ, ಮನಿಗೆ ಒಯ್ಯೂಣು. ಇನ್ನ ಆಗಂಗಿಲ್ಲ." ನಾನೂ ತಿಳಿದವನಂತೆ ತಲೆಯಾಡಿಸಿದೆ. ನೀಲವ್ವ ನನ್ನತ್ತ ತಿರುಗಿದಳು:

"ಕಂಪೌಂಡರಪ್ಪಾ, ನಿನ್ನ ಮಾರಿ ಆಕಡಿ ತಿರುವು. ಅದನ್ನ ನೋಡಿನ ನನ್ನ ಮಗ ಅಂಜ್ಯಾನ."

ಅದಾದ ನಾಲ್ಕನೆಯ ಬೆಳಿಗ್ಗೆ ಶಾಂತವ್ವನ ಪಾದ ಒರೆಸುತ್ತಿದ್ದೆ. ಬಲಗಾಲಿನ ಹೆಬ್ಬೆರಳು ನನ್ನ ಅಂಗೈಯನ್ನು ತಳ್ಳಿತು. ನಾನು ಕೂಗಿದ ಕೂಗಿಗೆ ಜ್ವರದವರೂ ಎದ್ದು ಕುಳಿತರು. ಸಾಹೇಬರು ಅರ್ಧ ಕುಡಿದ ಚಹಾದ ಕಪ್ಪಿನೊಂದಿಗೇ ಓಡಿ ಬಂದರು.

"ಇನ್ನೊಮ್ಮಿ, ತಂಗೀ, ಇನ್ನೊಮ್ಮಿ!"

ಬೆರಳು ಆಡಿತು. ಇಡೀ ವಾರ್ಡು ಹೋ ಎಂದಿತು. ಅಷ್ಟು ದಿನ ಕಣ್ಣೀರು ತೋರಿಸದ ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದಳು.

ಎಡಗಾಲಿನ ಶಕ್ತಿ ಪೂರ್ತಿ ಮರಳಲಿಲ್ಲ. ಕೊನೆಯವರೆಗೂ ಅದನ್ನು ಎಳೆದುಕೊಂಡೇ ನಡೆದಳು. ಆದರೆ ನಡೆದಳು! ಪಡಸಾಲೆಯಲ್ಲಿ ಅವಳು ಬಡಿಗೆಯೂರಿ ಹೆಜ್ಜೆಯಿಟ್ಟ ದಿನ ನೀಲವ್ವ ಎರಡೂ ಕೈ ಚಾಚಿ, ಕೂಸನ್ನು ಕರೆಯುವಂತೆ ಮೆಟ್ಟಿಲುಗಳತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು. ಶಾಂತವ್ವ ಒಮ್ಮೆಲೇ ಕೂಗಿದಳು: "ಅತ್ತೀ, ಹಿಂದ ಪಾವಟಿಗಿ ಅದಾವ್ರಿ! ನೀವು ಬಿದ್ದೀರಿ!" ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀಲವ್ವ.

ಈಗ ಕೊಪ್ಪಳದ ಆಸ್ಪತ್ರೆಯಲ್ಲಿ ನನ್ನ ಗೆಳೆಯನೊಬ್ಬ ಸೊಂಟ ಮುರಿದುಕೊಂಡು ಮಲಗಿದ್ದಾನೆ. ಈ ವಯಸ್ಸಿನಲ್ಲಿ ಅವನಿಗೆ ಏನೆಂದು ಧೈರ್ಯ ಹೇಳಲಿ ಎಂದು ಮೂರು ದಿನದಿಂದ ಹೋಗುವುದನ್ನು ಮುಂದೂಡುತ್ತಿದ್ದೆ. ಇಷ್ಟು ಬರೆದು ಮುಗಿಸುವುದರೊಳಗೆ ಎದ್ದು ಚಪ್ಪಲಿ ಮೆಟ್ಟಿದ್ದೇನೆ. ಹತ್ತು ಗಂಟೆಯ ಬಸ್ಸು ಸಿಕ್ಕರೆ ಅವನ ಊಟದ ಹೊತ್ತಿಗೆ ಅಲ್ಲಿರುತ್ತೇನೆ.